ಹಾಸಿಗೆ ಕೊಳ್ಳುವ ಮುನ್ನ ತಕ್ಕಡಿಗೆ ಹಾಕಿ

ಮಾನ್ಯ ಸಂಪಾದಕರೇ,

ದಸರೆಯಿಂದ ದೀಪಾವಳಿಯವರೆಗೆ ಪತ್ರಿಕೆಗಳ ಪುಟ ತುಂಬುವ ಜಾಹೀರಾತುಗಳಲ್ಲಿ ಹಾಸಿಗೆಯ ಪಾಲು ದೊಡ್ಡದು. ‘ಆರ್ಥೋ’, ‘ಸ್ಪೈನ್ ಕೇರ್’, ‘10 ವರ್ಷ ವಾರಂಟಿ’, ‘ಅರ್ಧ ಬೆಲೆ’ ಎಂಬ ಮಾತುಗಳು ಎಲ್ಲದರಲ್ಲೂ ಇರುತ್ತವೆ. ಒಳಗೆ ಏನು ತುಂಬಿದ್ದಾರೆ, ಎಷ್ಟು ತುಂಬಿದ್ದಾರೆ ಎಂಬುದು ಮಾತ್ರ ಹುಡುಕಿದರೂ ಸಿಗುವುದಿಲ್ಲ. ಅಕ್ಕಿ ಕೊಳ್ಳುವಾಗ ಅಂಗೈಯಲ್ಲಿ ಉಜ್ಜಿ ನೋಡುವ, ಸೀರೆ ಕೊಳ್ಳುವಾಗ ಸೆರಗು ಬಿಡಿಸಿ ಬೆಳಕಿಗೆ ಹಿಡಿಯುವ ನಮ್ಮ ಜನ, ಎಂಟು ಹತ್ತು ವರ್ಷ ಮೈ ಚೆಲ್ಲಬೇಕಾದ ಹಾಸಿಗೆಯನ್ನು ಮೇಲಿನ ಬಟ್ಟೆ ಮುಟ್ಟಿ, ಅಂಚಿನಲ್ಲಿ ಎರಡು ನಿಮಿಷ ಕೂತು ಕೊಂಡುಬಿಡುತ್ತಾರೆ. ಎರಡನೇ ಮಳೆಗಾಲಕ್ಕೆ ನಡುವೆ ತಗ್ಗು ಬಿದ್ದು ಸೊಂಟ ಹಿಡಿದುಕೊಂಡಾಗ ಅದು ವಯಸ್ಸಿನ ಕಾಟವೆಂದು ಸುಮ್ಮನಾಗುತ್ತಾರೆ. ಇದನ್ನು ತಪ್ಪಿಸಲು ಬೇಕಾದ ಅಳತೆ ಲೆಕ್ಕಗಳನ್ನು ನಿಮ್ಮ ಓದುಗರ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ‘ಆರ್ಥೋ’ ಎಂಬ ಪದವನ್ನು ಪಕ್ಕಕ್ಕಿಡಿ. ಇಂತಿಷ್ಟು ಗಟ್ಟಿ, ಇಂತಿಷ್ಟು ತೂಕ ಇದ್ದರೆ ಮಾತ್ರ ಆರ್ಥೋ ಎನ್ನಬೇಕು ಎಂಬ ಕಟ್ಟಳೆ ಮಾರುಕಟ್ಟೆಯಲ್ಲಿಲ್ಲ. ಆ ಹೆಸರಿನ ಹೆಚ್ಚಿನ ಹಾಸಿಗೆಗಳ ಗವಸು ಬಿಚ್ಚಿದರೆ ಒಳಗೆ ಸಿಗುವುದು ರೀಬಾಂಡೆಡ್ ಫೋಮ್. ಅಂದರೆ ಬೇರೆ ಬೇರೆ ಬಣ್ಣದ ಫೋಮ್ ಚೂರುಗಳನ್ನು ಅಂಟು ಹಾಕಿ ಒತ್ತಿ ಮಾಡಿದ ದಪ್ಪ ಹಲಗೆ. ಅದರ ಮೇಲೆ ಒಂದು ಇಂಚಿನಷ್ಟು ಮೆತ್ತನೆಯ ಫೋಮ್, ಅದರ ಮೇಲೆ ಚೌಕುಳಿ ಹೊಲಿಗೆಯ ಬಟ್ಟೆ. ರೀಬಾಂಡೆಡ್ ಕೆಟ್ಟ ಸರಕೇನೂ ಅಲ್ಲ. ಚೆನ್ನಾಗಿ ಒತ್ತಿದ್ದು ವರ್ಷಗಟ್ಟಲೆ ತಗ್ಗು ಬೀಳದೆ ಭಾರ ಹೊರುತ್ತದೆ, ತಳದ ಪದರಕ್ಕೆ ಒಳ್ಳೆಯ ಆಯ್ಕೆ. ಆದರೆ ಇಡೀ ಹಾಸಿಗೆಯೇ ಅದಾದರೆ ಮಲಗುವವರಿಗೆ ಹಲಗೆಯ ಮೇಲೆ ಮಲಗಿದಂತೆಯೇ ಆಗುತ್ತದೆ.

ಅಂಗಡಿಯಲ್ಲಿ ಎರಡನೆಯದಾಗಿ ಕಿವಿಗೆ ಬೀಳುವ ಪದ ‘ಡೆನ್ಸಿಟಿ’. ‘ಇದು 40 ಡೆನ್ಸಿಟಿ ಸಾರ್, ತುಂಬಾ ಗಟ್ಟಿ’ ಎನ್ನುತ್ತಾರೆ. ಈ ಒಂದು ವಾಕ್ಯದಲ್ಲಿ ಎರಡು ಬೇರೆ ವಿಷಯ ಬೆರೆತುಹೋಗಿವೆ. ಡೆನ್ಸಿಟಿ ಎಂದರೆ ಒಂದು ಘನ ಮೀಟರ್ ಫೋಮ್ ಎಷ್ಟು ಕೆ.ಜಿ. ತೂಗುತ್ತದೆ ಎಂಬುದು, ಅಷ್ಟೆ. ಗಟ್ಟಿತನದ ಅಳತೆ ಬೇರೆ. 40ರ ಫೋಮ್ ಮೆತ್ತಗೂ ಇರಬಹುದು, 23ರ ಫೋಮ್ ಗಟ್ಟಿಯಾಗಿಯೂ ಇರಬಹುದು. ಡೆನ್ಸಿಟಿ ಹೇಳುವುದು ಬಾಳಿಕೆಯನ್ನು. ಕಡಿಮೆ ಡೆನ್ಸಿಟಿಯ ಗಟ್ಟಿ ಫೋಮ್ ಅಂಗಡಿಯಲ್ಲಿ ಬೆನ್ನಿಗೆ ಹಿತವಾಗಿದ್ದು, ಒಂದು ವರ್ಷದೊಳಗೆ ಸೊಂಟದ ಜಾಗದಲ್ಲಿ ಕೂತುಬಿಡುತ್ತದೆ. ಏಕೆಂದರೆ ಅದರಲ್ಲಿ ಗಾಳಿಯೇ ಹೆಚ್ಚು, ಭಾರ ಹೊರುವ ಸರಕು ಕಡಿಮೆ. ದಿನವೂ ಮಲಗುವ ಹಾಸಿಗೆಯ ಫೋಮ್‌ಗೆ 32ಕ್ಕಿಂತ ಕಡಿಮೆ ಬೇಡ. ಮಲಗುವವರು 80 ಕೆ.ಜಿ. ಮೀರಿದ್ದರೆ 40 ಇರಲಿ. ವರ್ಷಕ್ಕೆ ನಾಲ್ಕು ದಿನ ನೆಂಟರು ಮಲಗುವ ಹಾಸಿಗೆಗೆ 28 ಸಾಕು. ಮೈಯ ಬಿಸಿಗೆ ಮೆತ್ತಗಾಗಿ ಮೈಯ ಆಕಾರ ಹಿಡಿಯುವ ಮೆಮೊರಿ ಫೋಮ್ ಆದರೆ 50ರ ಆಸುಪಾಸು ಇರಬೇಕು.

ಅಂಗಡಿಯವರು ಹೇಳಿದ ಡೆನ್ಸಿಟಿ ನಿಜವೇ ಎಂದು ತಿಳಿಯಲು ದೊಡ್ಡ ಉಪಕರಣವೇನೂ ಬೇಡ, ಒಂದು ತಕ್ಕಡಿ ಸಾಕು. ಹಾಸಿಗೆಯ ಉದ್ದ, ಅಗಲ, ದಪ್ಪವನ್ನು ಇಂಚಿನಲ್ಲಿ ಅಳೆದು ಮೂರನ್ನೂ ಗುಣಿಸಿ. ಬಂದದ್ದನ್ನು 61,000ದಿಂದ ಭಾಗಿಸಿದರೆ ಘನ ಮೀಟರ್ ಸಿಗುತ್ತದೆ. ಅದನ್ನು ಅವರು ಹೇಳಿದ ಡೆನ್ಸಿಟಿಯಿಂದ ಗುಣಿಸಿದರೆ ಫೋಮ್ ಎಷ್ಟು ತೂಗಬೇಕು ಎಂಬುದು ತಿಳಿಯುತ್ತದೆ. ಒಬ್ಬರು ಮಲಗುವ 72x36 ಅಳತೆಯ, 6 ಇಂಚು ದಪ್ಪದ ಹಾಸಿಗೆ ತೆಗೆದುಕೊಳ್ಳಿ. 72x36x6 ಎಂದರೆ 15,552. ಭಾಗಿಸಿದರೆ ಸುಮಾರು 0.255 ಘನ ಮೀಟರ್. 32ರ ಫೋಮ್ ಆಗಿದ್ದರೆ 8 ಕೆ.ಜಿ. ಮೇಲೆ, 40ರದ್ದಾದರೆ 10 ಕೆ.ಜಿ. ಮೇಲೆ ತೂಗಬೇಕು. ಇಬ್ಬರು ಮಲಗುವ 78x72x6 ಆದರೆ 0.552 ಘನ ಮೀಟರ್, 32ಕ್ಕೆ 17.7 ಕೆ.ಜಿ., 40ಕ್ಕೆ 22 ಕೆ.ಜಿ. ಇದಕ್ಕೆ ಗವಸಿನ ತೂಕ ಒಂದೆರಡು ಕೆ.ಜಿ. ಸೇರಿಸಿಕೊಳ್ಳಿ. ‘40 ಡೆನ್ಸಿಟಿ’ ಎಂದು ಕೊಟ್ಟ ಈ ದೊಡ್ಡ ಹಾಸಿಗೆ ಗವಸು ಸೇರಿ 17 ಕೆ.ಜಿ. ಮಾತ್ರ ತೂಗಿದರೆ ಒಳಗಿರುವುದು 27-29ರ ಫೋಮ್. ಮಾತು ಅಲ್ಲಿಗೆ ಮುಗಿಯಿತು. ಮನೆಗೆ ಬಂದ ಹಾಸಿಗೆಯನ್ನು ತೂಗಲು ಇನ್ನೂ ಸುಲಭ. ಸುರುಳಿ ಸುತ್ತಿದ ಹಾಸಿಗೆಯನ್ನು ಹಿಡಿದು ಒಬ್ಬರು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ಬರಿಗೈಯಲ್ಲಿ ನಿಂತು ಕಳೆದರಾಯಿತು.

ಈ ಲೆಕ್ಕ ಒಂದೇ ಬಗೆಯ ಫೋಮ್ ಇರುವ ಹಾಸಿಗೆಗೆ ನೇರವಾಗಿ ಹೊಂದುತ್ತದೆ. ಪದರ ಪದರವಾಗಿದ್ದರೆ ಪ್ರತಿ ಪದರದ ದಪ್ಪ, ಡೆನ್ಸಿಟಿ ಎರಡನ್ನೂ ಕೇಳಿ ಬೇರೆ ಬೇರೆ ಲೆಕ್ಕ ಹಾಕಿ ಕೂಡಬೇಕು. ರೀಬಾಂಡೆಡ್‌ನ ಡೆನ್ಸಿಟಿ 80ರಿಂದ 100ರವರೆಗೂ ಇರುವುದರಿಂದ, 4 ಇಂಚಿನ ರೀಬಾಂಡೆಡ್ ಪದರ ಇರುವ ಒಂಟಿ ಹಾಸಿಗೆಯಲ್ಲಿ ಅದೊಂದೇ 14-17 ಕೆ.ಜಿ. ತೂಗುತ್ತದೆ. ಹಾಗಾಗಿ ಬರೀ ಭಾರವಾಗಿದೆ ಎಂದು ಮೆಚ್ಚಬೇಡಿ, ಯಾವುದು ಭಾರ ಎಂದು ಕೇಳಿ. ಇನ್ನೊಂದು ಮೋಸವೂ ಉಂಟು. ಫೋಮ್ ಎರಕ ಹೊಯ್ಯುವಾಗ ಸುಣ್ಣದ ಕಲ್ಲಿನ ಪುಡಿ ಬೆರೆಸಿ ತೂಕ ಏರಿಸುತ್ತಾರೆ. ತಕ್ಕಡಿಯಲ್ಲಿ 40 ಬರುತ್ತದೆ, ಬಾಳಿಕೆ 25ರದ್ದೂ ಇರುವುದಿಲ್ಲ. ಗವಸಿನ ಜಿಪ್ ಎಳೆದು ಫೋಮಿನ ಅಂಚನ್ನು ಬೆರಳಿನಲ್ಲಿ ಗಟ್ಟಿಯಾಗಿ ಉಜ್ಜಿ. ಬಿಳಿ ಹುಡಿ ಅಂಟಿದರೆ, ಚಿವುಟಿದಾಗ ಹಳೆಯ ಬ್ರೆಡ್ಡಿನಂತೆ ತುಂಡು ಕಿತ್ತುಬಂದರೆ ಅದು ಪುಡಿ ಬೆರೆತ ಫೋಮ್. ಒಳ್ಳೆಯ ಎಚ್‌ಆರ್ (ಹೈ ರೆಸಿಲಿಯನ್ಸ್, ಅಂದರೆ ಚೆನ್ನಾಗಿ ಪುಟಿಯುವ) ಫೋಮನ್ನು ಮುಷ್ಟಿಯಲ್ಲಿ ಒತ್ತಿ ಬಿಟ್ಟರೆ ಕೈ ತೆಗೆಯುವ ಮೊದಲೇ ಮೇಲೆದ್ದಿರುತ್ತದೆ. ಜಿಪ್ ಇಲ್ಲದ, ಸುತ್ತ ಹೊಲಿದು ಮುಚ್ಚಿದ ಹಾಸಿಗೆಯಾದರೆ ಒಳಪದರದ ತುಂಡು ಮಾದರಿ ತೋರಿಸಲು ಕೇಳಿ. ಒಳ್ಳೆಯ ಅಂಗಡಿಗಳಲ್ಲಿ ಅಡ್ಡ ಕತ್ತರಿಸಿದ ಮಾದರಿ ಇಟ್ಟಿರುತ್ತಾರೆ. ಮನೆ ಬಳಕೆಯ ಹಾಸಿಗೆ ಫೋಮಿಗೆ ಐಎಸ್ 7933, ರಬ್ಬರ್ ಹಾಕಿದ ತೆಂಗಿನ ನಾರಿನ ಹಾಳೆಗೆ ಐಎಸ್ 8391 ಎಂಬ ಭಾರತೀಯ ಮಾನಕಗಳಿವೆ. ಆ ಸಂಖ್ಯೆಯ ಜೊತೆ ಐಎಸ್‌ಐ ಗುರುತಿದೆಯೇ ಎಂದೂ ನೋಡಿ.

ಬೆನ್ನುನೋವಿನವರ ವಿಷಯವನ್ನು ಸ್ವಲ್ಪ ನಿಂತು ಹೇಳಬೇಕು. ‘ಗಟ್ಟಿ ಹಾಸಿಗೆಯ ಮೇಲೆ ಮಲಗಿ, ಆಗದಿದ್ದರೆ ನೆಲದ ಮೇಲೆ ಮಲಗಿ’ ಎಂಬ ಸಲಹೆ ನಮ್ಮಲ್ಲಿ ಮನೆಮನೆಯಲ್ಲೂ ಉಂಟು. ಕೆಲವು ವೈದ್ಯರೂ ಅದನ್ನೇ ಹೇಳುತ್ತಾರೆ. ಸ್ಪೇನಿನಲ್ಲಿ ಬಹುಕಾಲದ ಸೊಂಟನೋವಿದ್ದ 313 ಮಂದಿಗೆ, ಅರ್ಧದಷ್ಟು ಜನರಿಗೆ ಗಟ್ಟಿ, ಉಳಿದವರಿಗೆ ಮಧ್ಯಮ ಗಟ್ಟಿತನದ ಹಾಸಿಗೆ ಕೊಟ್ಟು 90 ದಿನ ನೋಡಿದರು. 2003ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅದರ ಫಲಿತಾಂಶದಂತೆ, ಮಲಗಿದಾಗಿನ ನೋವು, ಬೆಳಗ್ಗೆ ಏಳುವಾಗಿನ ನೋವು, ದಿನದ ಕೆಲಸಕ್ಕೆ ಆಗುವ ತೊಡಕು ಮೂರರಲ್ಲೂ ಮಧ್ಯಮ ಗಟ್ಟಿಯವರಿಗೇ ಹೆಚ್ಚು ಗುಣ ಕಂಡಿತು. ಕಾರಣ ಅರ್ಥವಾಗದ್ದೇನಲ್ಲ. ಅಂಗಾತ ಮಲಗಿದಾಗ ಸೊಂಟದ ಕೆಳಗೊಂದು ಕಮಾನು ಇರುತ್ತದೆ. ಹಲಗೆಯಂಥ ಹಾಸಿಗೆ ಆ ಕಮಾನಿಗೆ ಆಸರೆ ಕೊಡುವುದಿಲ್ಲ, ರಾತ್ರಿಯಿಡೀ ಸ್ನಾಯುಗಳೇ ಅದನ್ನು ಎತ್ತಿ ಹಿಡಿಯಬೇಕು. ಮಗ್ಗುಲಾಗಿ ಮಲಗಿದರೆ ಭುಜ, ಸೊಂಟದ ಮೂಳೆ ಒತ್ತಿ ಕೈ ಜುಮ್ಮೆನ್ನುತ್ತದೆ. ತೀರಾ ಮೆತ್ತಗಿದ್ದರೆ ಇದಕ್ಕೆ ತದ್ವಿರುದ್ಧ. ಸೊಂಟವೇ ಭಾರದ ಭಾಗವಾದ್ದರಿಂದ ಅದು ಹೆಚ್ಚು ಹೂತು ಬೆನ್ನು ತೊಟ್ಟಿಲಿನಂತೆ ಬಾಗುತ್ತದೆ.

ಪರೀಕ್ಷಿಸುವುದು ಹೀಗೆ. ಚಪ್ಪಲಿ ಬಿಟ್ಟು, ಮನೆಯಲ್ಲಿ ಬಳಸುವ ಎತ್ತರದ್ದೇ ದಿಂಬು ಇಟ್ಟುಕೊಂಡು, ನೀವು ನಿದ್ದೆ ಹೋಗುವ ಭಂಗಿಯಲ್ಲಿಯೇ ಹತ್ತು ಹದಿನೈದು ನಿಮಿಷ ಮಲಗಿ. ಅಂಗಡಿಯವರು ಕಾಯಲಿ, ನಾಚಿಕೆ ಬೇಡ. ಅಂಗಾತ ಮಲಗಿ ಸೊಂಟದ ಕೆಳಗೆ ಅಂಗೈ ತೂರಿಸಿ. ಕೈ ಸಲೀಸಾಗಿ ಓಡಾಡಿದರೆ ಹಾಸಿಗೆ ನಿಮಗೆ ಗಟ್ಟಿ. ತೂರಿಸಲೇ ಆಗದಿದ್ದರೆ ಮೆತ್ತಗೆ. ತುಸು ತಡೆದು ಒಳಹೋದರೆ ಸರಿ. ಮಗ್ಗುಲಾಗಿ ಮಲಗುವವರಾದರೆ ಜೊತೆಗೆ ಬಂದವರು ಹಿಂದೆ ನಿಂತು ಕುತ್ತಿಗೆಯಿಂದ ಬಾಲದ ಮೂಳೆಯವರೆಗೆ ಬೆನ್ನುಮೂಳೆಯ ಸಾಲು ನೇರವಿದೆಯೇ ನೋಡಲಿ. 50 ಕೆ.ಜಿ. ತೂಗುವವರಿಗೆ ಗಟ್ಟಿ ಎನಿಸಿದ ಹಾಸಿಗೆಯೇ 90 ಕೆ.ಜಿ. ತೂಗುವವರಿಗೆ ಮೆತ್ತಗಿರುತ್ತದೆ. ಆದ್ದರಿಂದ ಮಲಗುವ ಇಬ್ಬರೂ ಅಂಗಡಿಗೆ ಹೋಗಬೇಕು. ಇಬ್ಬರ ಮೈಭಾರದಲ್ಲಿ ಬಹಳ ಅಂತರವಿದ್ದರೆ 78x72ರ ಒಂದರ ಬದಲು 78x36ರ ಎರಡು ಹಾಸಿಗೆ ತಂದು, ಪಕ್ಕಪಕ್ಕ ಇಟ್ಟು ಒಂದೇ ಮೇಲುಹಾಸು ಹೊದಿಸುವುದು ಉತ್ತಮ. ಒಬ್ಬರು ಮಗ್ಗುಲು ಬದಲಿಸಿದರೆ ಇನ್ನೊಬ್ಬರಿಗೆ ಎಚ್ಚರವೂ ಆಗುವುದಿಲ್ಲ, ಮಹಡಿ ಹತ್ತಿಸುವುದೂ ಹಗುರ. ಕಾಲಿಗೆ ಜೋಮು ಹಿಡಿದು ಬಲ ಕುಂದಿದ್ದರೆ, ಮಲಮೂತ್ರದ ಹಿಡಿತ ತಪ್ಪಿದ್ದರೆ ಹಾಸಿಗೆ ಅಂಗಡಿಗಿಂತ ಮೊದಲು ಆಸ್ಪತ್ರೆಗೆ ಹೋಗಬೇಕು.

ಯಾವ ಸರಕು ಎಂಬ ಪ್ರಶ್ನೆಗೆ ಉತ್ತರ ನೀವಿರುವ ಊರಿನ ಹವೆಯಲ್ಲಿದೆ. ಬೆಂಗಳೂರಿನ ಪ್ರದರ್ಶನ ಮಳಿಗೆಯ ಏಸಿಯಲ್ಲಿ ಹಿತವೆನಿಸಿದ ಮೆಮೊರಿ ಫೋಮ್ ಕಲಬುರಗಿ, ರಾಯಚೂರಿನ ಏಪ್ರಿಲ್ ರಾತ್ರಿಯಲ್ಲಿ ಮೈಗೆ ಅಂಟುತ್ತದೆ. ಅದು ಮೈಯ ಬಿಸಿಗೆ ಕರಗಿದಂತೆ ಬಾಗಿ ಮೈಯನ್ನು ಸುತ್ತಿಕೊಳ್ಳುವ ಸರಕು, ಬಿಸಿ ಹೊರಹೋಗಲು ದಾರಿ ಕೊಡುವುದಿಲ್ಲ. ಅದೇ ಗುಣದಿಂದ ಮಡಿಕೇರಿಯ ಡಿಸೆಂಬರ್ ಚಳಿಯಲ್ಲಿ ಮಲಗಿದ ಕೂಡಲೇ ಕಲ್ಲಿನಂತೆ ಗಟ್ಟಿಯಿದ್ದು ಆಮೇಲೆ ಮೆತ್ತಗಾಗುತ್ತದೆ. ಸೆಕೆಯ ಊರುಗಳಿಗೆ ಅರಳೆ ಹಾಸಿಗೆ, ತೆಂಗಿನ ನಾರು, ಸ್ಪ್ರಿಂಗ್ ಇವು ಗಾಳಿಯಾಡುವಂಥವು. ಸ್ಪ್ರಿಂಗ್‌ನಲ್ಲಿ ಎರಡು ಬಗೆ. ತಂತಿಗಳೆಲ್ಲ ಒಂದಕ್ಕೊಂದು ಹೆಣೆದ ಬಾನೆಲ್ ಅಗ್ಗ, ಆದರೆ ಒಬ್ಬರು ಹೊರಳಿದರೆ ಇಡೀ ಹಾಸಿಗೆ ಅಲುಗುತ್ತದೆ. ಪ್ರತಿ ಸ್ಪ್ರಿಂಗಿಗೂ ಬೇರೆ ಬಟ್ಟೆಯ ಚೀಲ ಇರುವ ಪಾಕೆಟ್ ಸ್ಪ್ರಿಂಗ್‌ನಲ್ಲಿ ಆ ತೊಂದರೆ ಇಲ್ಲ. ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯಲ್ಲಿ ಉಪ್ಪುಗಾಳಿಗೆ ತಂತಿ ತುಕ್ಕು ಹಿಡಿಯುವುದು ಬೇಗ. ಅಲ್ಲಿ ಸ್ಪ್ರಿಂಗ್‌ಗಿಂತ ರಬ್ಬರಿನಿಂದ ಮಾಡಿದ ಲೇಟೆಕ್ಸ್ ಅಥವಾ ಎಚ್‌ಆರ್ ಫೋಮ್ ಮೇಲು ಎಂಬುದು ನನ್ನ ಅಭಿಪ್ರಾಯ. ಲೇಟೆಕ್ಸ್ ದುಬಾರಿಯಾದರೂ ಪುಟಿಯುವ ಗುಣ, ಬಾಳಿಕೆ ಎರಡೂ ಚೆನ್ನಾಗಿವೆ. ಆದರೆ ‘ನ್ಯಾಚುರಲ್’ ಎಂದು ಬರೆದದ್ದರಲ್ಲಿ ರಬ್ಬರ್ ಮರದ ಹಾಲು ಶೇಕಡಾ ಎಷ್ಟು, ಕೃತಕ ರಬ್ಬರ್ ಎಷ್ಟು ಎಂದು ಕೇಳಿ ಬಿಲ್ಲಿನಲ್ಲಿ ಬರೆಸಿ. ರಬ್ಬರ್ ಒಗ್ಗದವರು ಅದರ ಗೊಡವೆಗೆ ಹೋಗಬಾರದು.

ತೆಂಗಿನ ನಾರಿನ ಹಾಸಿಗೆ ಎಂದರೆ ಹುರಿ ಮಾಡಿ ಸುರುಳಿ ಹಿಡಿಸಿದ ನಾರನ್ನು ಬಿಡಿಸಿ, ರಬ್ಬರ್ ಹಾಲು ಸಿಂಪಡಿಸಿ, ಒತ್ತಿ ಬೇಯಿಸಿದ ಹಲಗೆ. 72x36x4 ಅಳತೆಯದು 13 ಕೆ.ಜಿ.ಗಿಂತ ಕಡಿಮೆ ತೂಗಿದರೆ ನಾರು ಕಡಿಮೆ ಹಾಕಿದ್ದಾರೆ ಎಂದು ಅನುಮಾನಿಸಬಹುದು. ಅದು ಹಾಳಾಗುವುದು ನಾರಿನಿಂದಲ್ಲ, ಅಂಟಿನಿಂದ. ರಬ್ಬರ್ ಒಣಗಿದಂತೆ ನಾರು ನಾರಿನ ಹಿಡಿತ ತಪ್ಪಿ, ಮುರಿದು ಪುಡಿಯಾಗುತ್ತದೆ. ಮಂಚದ ಹಲಗೆಯ ಮೇಲೆ ಕಂದು ಹುಡಿ ಉದುರತೊಡಗಿದರೆ ಅದರ ಆಯುಸ್ಸು ಮುಗಿಯುತ್ತ ಬಂತು. ಮೂರು ತಿಂಗಳಿಗೊಮ್ಮೆ ಮೇಲು ಕೆಳಗು ಮಾಡಿ, ತಲೆಯ ಕಡೆಯನ್ನು ಕಾಲಿನ ಕಡೆಗೆ ತಿರುಗಿಸಿದರೆ ತಗ್ಗು ಬೀಳುವುದು ನಿಧಾನವಾಗುತ್ತದೆ. ಪದರಗಳ ಫೋಮ್ ಹಾಸಿಗೆಯನ್ನು ಮಗುಚುವಂತಿಲ್ಲ, ತಲೆ ಕಾಲು ಮಾತ್ರ ತಿರುಗಿಸಬೇಕು.

ಬಿಸಿಲಿಗೆ ಹಾಕುವ ವಿಷಯದಲ್ಲೂ ಒಂದೇ ನಿಯಮ ನಡೆಯದು. ಅರಳೆಗೆ ಮಧ್ಯಾಹ್ನದ ಬಿಸಿಲೇ ಮದ್ದು. ಹತ್ತಿ ಉಬ್ಬುತ್ತದೆ, ಮುಗ್ಗಲು ವಾಸನೆ ಹೋಗುತ್ತದೆ. ತೆಂಗಿನ ನಾರಿಗೆ ಎಳೆಬಿಸಿಲು ಸಾಕು. ಲೇಟೆಕ್ಸನ್ನು ಬಿಸಿಲಿಗೆ ಹಾಕಿದರೆ ಬಿರುಕುಬಿಟ್ಟು ಉದುರುತ್ತದೆ, ಫೋಮ್ ಹಳದಿಯಾಗಿ ಜೀವ ಕಳೆದುಕೊಳ್ಳುತ್ತದೆ. ಇವೆರಡನ್ನೂ ನೆರಳಿನ ಗಾಳಿಯಲ್ಲಿ ನಿಲ್ಲಿಸಬೇಕು.

ಮಲೆನಾಡು, ಕರಾವಳಿಯವರ ದೊಡ್ಡ ತೊಂದರೆ ಬೂಷ್ಟು. ಇದಕ್ಕೆ ಹಾಸಿಗೆಗಿಂತ ಮಂಚವೇ ಹೆಚ್ಚು ಕಾರಣ. ಕೆಳಗೆ ಸಾಮಾನು ತುಂಬುವ ಪೆಟ್ಟಿಗೆ ಮಂಚಗಳ ಮೇಲೆ ಇಡೀ ಪ್ಲೈವುಡ್ ಹೊದಿಸಿರುತ್ತಾರೆ. ರಾತ್ರಿಯಿಡೀ ಮೈಯಿಂದ ಇಳಿದ ತೇವ ಹಾಸಿಗೆಯ ತಳಕ್ಕೆ ಬಂದು, ಪ್ಲೈವುಡ್‌ಗೆ ತಗುಲಿ ಅಲ್ಲಿಯೇ ನಿಲ್ಲುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆರಲು ಅವಕಾಶವೇ ಇಲ್ಲ. ಬಡಗಿಯನ್ನು ಕರೆಸಿ ಆ ಪ್ಲೈವುಡ್‌ನಲ್ಲಿ ಆರಾರು ಇಂಚಿಗೊಂದರಂತೆ ಒಂದಿಂಚಿನ ತೂತು ಕೊರೆಸಿ. ಹೊಸ ಮಂಚ ಮಾಡಿಸುವುದಾದರೆ ಪಟ್ಟಿ ಹಾಕಿಸಿ, ಪಟ್ಟಿಗಳ ನಡುವಿನ ಸಂದು ಮೂರು ಇಂಚು ಮೀರದಿರಲಿ. ಮೀರಿದರೆ ಫೋಮ್ ಆ ಸಂದಿನೊಳಗೆ ಇಳಿಯುತ್ತದೆ. ಐದಡಿಗಿಂತ ಅಗಲದ ಮಂಚಕ್ಕೆ ನಡುವೆ ನೆಲಕ್ಕೂರುವ ಕಾಲು ಇರಲೇಬೇಕು. ಹೊಸ ಹಾಸಿಗೆ ನಡುವೆ ಬಾಗಿದೆ ಎಂಬ ದೂರುಗಳಲ್ಲಿ ಎಷ್ಟೋ ಸಲ ಬಾಗಿರುವುದು ಮಂಚದ ಹಲಗೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಹಾಸಿಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಒಂದು ಗಂಟೆ ಫ್ಯಾನ್ ಹಾಕಿ. ನೀರು ಇಳಿಯದ ಗವಸು ಬೇಕಿದ್ದರೆ ಪ್ಲಾಸ್ಟಿಕ್ ಹಾಳೆಯದು ಬೇಡ, ಬೆವರು ಅದರ ಮೇಲೆಯೇ ನಿಲ್ಲುತ್ತದೆ. ಹತ್ತಿ ಬಟ್ಟೆಯ ಹಿಂಬದಿಗೆ, ನೀರು ತಡೆದು ಆವಿ ಹೊರಬಿಡುವ ಟಿಪಿಯು ಎಂಬ ತೆಳು ಪೊರೆ ಹಚ್ಚಿದ್ದು ಸಿಗುತ್ತದೆ, ಅದನ್ನು ಕೊಳ್ಳಿ. ಉಬ್ಬಸ, ಮೂಗು ಸೋರುವ ಕಾಯಿಲೆ ಇರುವ ಮನೆಯಲ್ಲಿ ಮೇಲುಹಾಸು, ದಿಂಬಿನ ಗವಸುಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿಯ ನೀರಿನಲ್ಲಿ ಒಗೆದರೆ ದೂಳಿನ ನುಸಿ ಸಾಯುತ್ತದೆ. ತಣ್ಣೀರಿನಲ್ಲಿ ಅದು ಸಾಯದು.

ವಯಸ್ಸಾದವರಿಗೆ ಹಾಸಿಗೆ ಆರಿಸುವಾಗ ಎತ್ತರವನ್ನು ಮರೆಯುವವರೇ ಹೆಚ್ಚು. ಪೆಟ್ಟಿಗೆ ಮಂಚ 14-16 ಇಂಚು ಇರುತ್ತದೆ. ಅದರ ಮೇಲೆ 10 ಇಂಚಿನ ಹಾಸಿಗೆ ಹಾಕಿದರೆ 24-26 ಇಂಚು. ನಮ್ಮ ಅಜ್ಜಿಯರ ಮೊಣಕಾಲ ಹಿಂಬದಿಯಿಂದ ನೆಲಕ್ಕೆ ಅಳೆದರೆ 15-16 ಇಂಚು ಇರಬಹುದು. ರಾತ್ರಿ ಮೂತ್ರಕ್ಕೆ ಏಳುವಾಗ ಕಾಲು ನೆಲಕ್ಕೆ ಎಟುಕದೆ ಜಾರಿ ಇಳಿಯುತ್ತಾರೆ, ತೊಡೆಮೂಳೆ ಮುರಿಯುವುದು ಇಲ್ಲಿಯೇ. ಅಂಚಿನಲ್ಲಿ ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೂರಬೇಕು. ಮಂಚ ಹಾಸಿಗೆ ಸೇರಿ 18-20 ಇಂಚು ಹೆಚ್ಚಿನವರಿಗೆ ಸರಿ, ಗಿಡ್ಡಗಿರುವವರಿಗೆ ಪಾದ ಊರುವಷ್ಟು ಇನ್ನೂ ತುಸು ತಗ್ಗಿರಲಿ. ಮಂಡಿನೋವು ಇರುವವರಿಗೆ 20ರ ಕಡೆಗಿದ್ದರೆ ಏಳುವುದು ಸುಲಭ, 16ಕ್ಕಿಂತ ತಗ್ಗಿದ್ದರೆ ಕಷ್ಟ. ಹಾಸಿಗೆಯ ಅಂಚು ಕೂತಾಗ ಕುಸಿಯುವಂತಿರಬಾರದು. ಮೆಮೊರಿ ಫೋಮಿನಲ್ಲಿ ಮೈ ಹೂತು, ಹೊರಳಲು ಬಲವಿಲ್ಲದವರು ಒದ್ದಾಡುತ್ತಾರೆ.

ಹಾಸಿಗೆ ಹಿಡಿದವರ ಮಾತು ಬೇರೆಯೇ. ಅವರಿಗೆ ಎಷ್ಟೇ ಒಳ್ಳೆಯ ಫೋಮ್ ಹಾಕಿದರೂ ಬಾಲದ ಮೂಳೆ, ಹಿಮ್ಮಡಿ, ಸೊಂಟದ ಪಕ್ಕಗಳಲ್ಲಿ ಹುಣ್ಣು ಬರುವ ಭಯವಿದೆ. ಔಷಧಿ ಅಂಗಡಿಗಳಲ್ಲಿ ಸಿಗುವ, ಪಂಪು ಇರುವ ಏರ್ ಬೆಡ್ ತನ್ನಿ. ಅದು ಒಂದು ಸಾಲಿನ ಗುಳ್ಳೆಗಳನ್ನು ಉಬ್ಬಿಸಿ ಇನ್ನೊಂದು ಸಾಲನ್ನು ಇಳಿಸುತ್ತಾ ಒತ್ತಡದ ಜಾಗ ಬದಲಿಸುತ್ತಿರುತ್ತದೆ. ಅದನ್ನು ಇರುವ ಹಾಸಿಗೆಯ ಮೇಲೆ ಹಾಸಿ, ಒಂದೇ ಒಂದು ತೆಳು ಬಟ್ಟೆಯನ್ನು ಸಡಿಲವಾಗಿ ಹೊದಿಸಬೇಕು. ಮೇಲೆ ಕಂಬಳಿ, ರಬ್ಬರ್ ಹಾಳೆ, ಮಡಚಿದ ಸೀರೆ ಹಾಕಿದರೆ ಅದು ಕೆಲಸವನ್ನೇ ಮಾಡದು. ಗಾಳಿ ಸಾಕೇ ಎಂದು ತಿಳಿಯಲು ಏರ್ ಬೆಡ್‌ನ ಕೆಳಗೆ, ರೋಗಿಯ ಬಾಲದ ಮೂಳೆಯ ನೇರಕ್ಕೆ ಅಂಗೈ ಚಾಚಿ. ಮೂಳೆ ಕೈಗೆ ತಗುಲಿದರೆ ಗಾಳಿ ಸಾಲದು, ನಡುವೆ ಒಂದು ಇಂಚಿನಷ್ಟಾದರೂ ಗಾಳಿ ಇರಬೇಕು. ಕರೆಂಟು ಹೋದಾಗ ಗಾಳಿ ಇಳಿಯುತ್ತದೆ, ಪಂಪನ್ನು ಯುಪಿಎಸ್‌ಗೆ ಜೋಡಿಸಿ. ಇಷ್ಟೆಲ್ಲ ಮಾಡಿಯೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ಬಿಡುವಂತಿಲ್ಲ.

ಎಳೆಗೂಸಿಗೆ ಮೆತ್ತನೆಯ ಹಾಸಿಗೆ ಅಪಾಯ. ಬೂರುಗದ ಹತ್ತಿಯ ಉಬ್ಬು ಹಾಸಿಗೆಯ ಮೇಲೆ ಮಲಗಿಸಿ ಸುತ್ತ ದಿಂಬು ಇಡುವ ರೂಢಿ ನಮ್ಮಲ್ಲಿದೆ. ಮಗು ಮಗುಚಿ ಬಿದ್ದಾಗ ಮುಖ ಹೂತು ಉಸಿರು ಕಟ್ಟಬಹುದು. ಒಂದು ವರ್ಷ ತುಂಬುವವರೆಗೆ ಗಟ್ಟಿಯಾದ ಸಮತಟ್ಟಾದ ಹಾಸಿಗೆಯ ಮೇಲೆ ಅಂಗಾತವೇ ಮಲಗಿಸಬೇಕು. ನಿದ್ದೆಯಲ್ಲಿ ರಾಗಿ ದಿಂಬು, ಸಾಸಿವೆ ದಿಂಬು ಯಾವುದೂ ಬೇಡ. ತೊಟ್ಟಿಲು ಮಂಚಕ್ಕೂ ಹಾಸಿಗೆಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಸಂದು ಇರಬಾರದು.

ಇನ್ನು ಅರಳೆ ಹಾಸಿಗೆಯ ಪರವಾಗಿ ಒಂದು ಮಾತು. ಉತ್ತರ ಕರ್ನಾಟಕದಲ್ಲಿ ಇದಕ್ಕೆ ಗಾದಿ ಎನ್ನುತ್ತಾರೆ. ಪಿಂಜಾರ, ನದಾಫ ಮನೆತನಗಳವರು ತಲೆಮಾರುಗಳಿಂದ ಅರಳೆ ಹಿಂಜಿ ಗಾದಿ ಹೊಲಿದುಕೊಟ್ಟವರು. ಹಾಸಿಗೆಗಳಲ್ಲಿ ಸುಲಭವಾಗಿ ರಿಪೇರಿ ಮಾಡಿ ಹೊಸದರಂತೆ ಮಾಡಿಕೊಳ್ಳಬಹುದಾದದ್ದು ಇದೇ. ಎರಡು ಮೂರು ವರ್ಷಕ್ಕೊಮ್ಮೆ ಬಿಚ್ಚಿ, ಗಂಟುಕಟ್ಟಿದ ಅರಳೆಯನ್ನು ಮತ್ತೆ ಹಿಂಜಿಸಿ, ಕಡಿಮೆ ಬಿದ್ದಷ್ಟು ಹೊಸದು ಸೇರಿಸಿ ಹೊಲಿದರೆ ಮತ್ತೆ ಮೈದುಂಬಿಕೊಳ್ಳುತ್ತದೆ. ಒಂಟಿ ಹಾಸಿಗೆಗೆ 10-12 ಕೆ.ಜಿ. ಅರಳೆ ಬೇಕು. ಇಲ್ಲಿ ಆಗುವ ಮೋಸವೆಂದರೆ ಗಿರಣಿಯ ಕಸ, ಹಳೆಯ ಬಟ್ಟೆ ಅರೆದು ತೆಗೆದ ಚಿಂದಿ ಹತ್ತಿ ಬೆರೆಸುವುದು. ಅದರ ಎಳೆ ಗಿಡ್ಡ, ಬಣ್ಣದ ನೂಲಿನ ಚೂರು ಕಾಣುತ್ತದೆ, ಆರು ತಿಂಗಳಲ್ಲಿ ಮೂಲೆಗಳಿಗೆ ಸರಿದು ಗಂಟಾಗುತ್ತದೆ. ಹಿಂಜುವಾಗ ಎದುರಿಗೇ ನಿಂತು ನೋಡಿ. ಬೂರುಗದ ಹತ್ತಿ ಎಂದು ಕೊಟ್ಟದ್ದನ್ನು ಪರೀಕ್ಷಿಸಲು ಒಂದು ಚಿಟಿಕೆ ತೆಗೆದು ಬೆರಳ ನಡುವೆ ಹೊಸೆಯಿರಿ. ಬೂರುಗದ ಎಳೆ ರೇಷ್ಮೆಯಂತೆ ನುಣುಪು, ಹೊಸೆದರೆ ನೂಲಾಗದೆ ಜಾರುತ್ತದೆ. ಬತ್ತಿಯಂತೆ ಹುರಿಗೊಂಡರೆ ಅದರಲ್ಲಿ ಸಾದಾ ಹತ್ತಿ ಬೆರೆತಿದೆ. ಒಳಗಿನದು ಸರಿಯದಂತೆ ಗೇಣಿಗೊಂದರಂತೆ ದಾರ ಹಾಕಿ ಬಿಗಿದಿದ್ದಾರೆಯೇ ಎಂದೂ ನೋಡಬೇಕು.

ಅಳತೆ ತಪ್ಪಿ ಕೊಂಡು ಪರದಾಡುವವರು ಬಹಳ. ಬಡಗಿ ಮಾಡಿದ ಮಂಚಗಳು ಕಂಪನಿಯ ಅಳತೆಗೆ ಸರಿಹೊಂದುವುದು ಅಪರೂಪ. ಮಂಚದ ಚೌಕಟ್ಟಿನ ಒಳಗಿನ ಉದ್ದ ಅಗಲವನ್ನು ತಲೆಗೆ, ನಡುವಿಗೆ, ಕಾಲಿಗೆ ಹೀಗೆ ಮೂರು ಕಡೆ ಅಳೆಯಿರಿ, ಕರ್ಣಗಳೆರಡನ್ನೂ ಅಳೆಯಿರಿ. ಬಂದದ್ದರಲ್ಲಿ ಸಣ್ಣದನ್ನು ಹಿಡಿದು ಅರ್ಧ ಇಂಚು ಕಳೆಯಿರಿ. ವಿಶೇಷ ಅಳತೆಗೆ ಮಾಡಿಸಿದ್ದನ್ನು ಸಾಮಾನ್ಯವಾಗಿ ವಾಪಸ್ ತೆಗೆದುಕೊಳ್ಳುವುದಿಲ್ಲ. ಮಲಗುವವರ ಎತ್ತರಕ್ಕಿಂತ 5-6 ಇಂಚಾದರೂ ಉದ್ದವಿರಲಿ, ಆರಡಿಯ ಆಳಿಗೆ 72 ಇಂಚು ಸಾಲದು. ಸ್ಪ್ರಿಂಗ್ ಹಾಸಿಗೆ ಮಡಚಲು ಬರುವುದಿಲ್ಲ, ಲಿಫ್ಟು ಮೆಟ್ಟಿಲು ತಿರುವು ಮೊದಲೇ ಅಳೆದುಕೊಳ್ಳಿ. ಸುರುಳಿ ಸುತ್ತಿ ಬಂದ ಫೋಮನ್ನು ಬಂದ ದಿನವೇ ಬಿಚ್ಚಿ. ಪೂರ್ತಿ ಉಬ್ಬಲು ಒಂದರಿಂದ ಎರಡು ದಿನ ಬೇಕು, ಅಲ್ಲಿಯವರೆಗೆ ದಪ್ಪ ಕಡಿಮೆಯೆಂದು ಜಗಳ ಬೇಡ. ವಾಸನೆ ಹೋಗಲು ಕಿಟಕಿ ತೆರೆದ ಕೋಣೆಯಲ್ಲಿ ಎರಡು ಮೂರು ದಿನ ಬಿಡಿ. ಹಳೆಯ ಫೋಮನ್ನು ಹಿತ್ತಿಲಲ್ಲಿ ಸುಡಲೇಬಾರದು. ಅದರ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಯನೈಡ್ ಇರುತ್ತವೆ. ಬೀದಿಯಲ್ಲಿ ಹೊತ್ತು ಮಾರುವ ಅಗ್ಗದ ಹಾಸಿಗೆಗಳಲ್ಲಿ ಹಳೆಯ ಫೋಮಿಗೆ ಹೊಸ ಗವಸು ತೊಡಿಸಿರುವುದೂ ಉಂಟು. ಜಿಪ್ ಎಳೆಯದೆ, ಹೊಲಿಗೆಯ ಸಂದಿಯಲ್ಲಿ ತಿಗಣೆಯ ಕಪ್ಪು ಚುಕ್ಕೆ ಇದೆಯೇ ನೋಡದೆ ಮನೆಯೊಳಗೆ ತರಬೇಡಿ.

ವಾರಂಟಿಯ ಷರತ್ತು ಓದಿ. ಸಾಮಾನ್ಯವಾಗಿ ಮೈಭಾರವಿಲ್ಲದಾಗಲೂ ಒಂದು ಇಂಚಿನಷ್ಟು ಅಥವಾ ಹೆಚ್ಚು ತಗ್ಗು ಉಳಿದರೆ ಮಾತ್ರ ದೋಷವೆಂದು ಒಪ್ಪುತ್ತಾರೆ. ಅಳೆಯುವುದು ಸುಲಭ. ಅಂಚಿನಿಂದ ಅಂಚಿಗೆ ದಾರ ಬಿಗಿಯಾಗಿ ಎಳೆದು ಹಿಡಿದು, ತಗ್ಗಿನ ತಳದಿಂದ ದಾರಕ್ಕೆ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ಕಲೆ ಇದ್ದರೆ, ಮಂಚದ ತಳ ಸರಿಯಿಲ್ಲದಿದ್ದರೆ ವಾರಂಟಿ ಇಲ್ಲವೆಂದು ಹಲವು ಷರತ್ತುಗಳಲ್ಲಿ ಬರೆದಿರುತ್ತದೆ. ಹಾಗಾಗಿ ಮೊದಲ ದಿನವೇ ಗವಸು ಹಾಕಿ. ‘10 ವರ್ಷ’ದಲ್ಲಿ ಮೊದಲ ಕೆಲವು ವರ್ಷ ಮಾತ್ರ ಉಚಿತ ಬದಲಾವಣೆ, ಆಮೇಲೆ ವರ್ಷ ಕಳೆದಂತೆ ನೀವೇ ಬೆಲೆಯ ಪಾಲು ಕೊಡಬೇಕಾದ ವಾರಂಟಿಗಳೇ ಹೆಚ್ಚು. ಆನ್‌ಲೈನಿನಲ್ಲಿ ‘100 ರಾತ್ರಿ’ ಪ್ರಯೋಗದ ಅವಕಾಶ ಕೊಟ್ಟರೆ, ವಾಪಸ್ ಒಯ್ಯುವ ಖರ್ಚು ಯಾರದು ಎಂದು ಹಣ ಕಟ್ಟುವ ಮೊದಲೇ ಕೇಳಿ.

ನಿಮ್ಮ ಪತ್ರಿಕೆಯ ಮೂಲಕ ಹಾಸಿಗೆ ತಯಾರಕರಿಗೆ, ಅಂಗಡಿಯವರಿಗೆ ಒಂದು ಕೋರಿಕೆ. ಪ್ರತಿ ಹಾಸಿಗೆಯ ಚೀಟಿಯ ಮೇಲೆ ಮೂರು ವಿಷಯ ಕನ್ನಡದಲ್ಲಿ ಅಚ್ಚಾಗಲಿ: ಪ್ರತಿ ಪದರದ ಸರಕು ಮತ್ತು ದಪ್ಪ, ಅದರ ಡೆನ್ಸಿಟಿ, ಇಡೀ ಹಾಸಿಗೆಯ ತೂಕ. ಬಿಸ್ಕತ್ತಿನ ಪೊಟ್ಟಣದ ಮೇಲೆ ಸಕ್ಕರೆ ಎಷ್ಟೆಂದು ಬರೆಯಬಹುದಾದರೆ ಇದಕ್ಕೇನು ಅಡ್ಡಿ? ಅದು ಆಗುವವರೆಗೆ ಗ್ರಾಹಕರು ಇದೇ ಮೂರನ್ನು ಬಿಲ್ಲಿನ ಮೇಲೆ ಕೈಬರಹದಲ್ಲಾದರೂ ಬರೆಸಿ ಸಹಿ, ಮೊಹರು ಹಾಕಿಸಿಕೊಳ್ಳಲಿ. ಬರೆದುಕೊಡಲು ಒಪ್ಪದ ಅಂಗಡಿಯಿಂದ ಎದ್ದು ಬರಬಹುದು. ಬರೆದದ್ದಕ್ಕೂ ಕೊಟ್ಟದ್ದಕ್ಕೂ ತಾಳೆಯಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಕೊಂಡ ವಸ್ತುವಿನ ಬೆಲೆ 5 ಲಕ್ಷ ರೂಪಾಯಿ ಒಳಗಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಬಿಲ್ಲು, ತೂಕದ ಫೋಟೊ, ದಾರ ಹಿಡಿದ ಅಳತೆಯ ಫೋಟೊ ಜೊತೆಗಿರಲಿ.

ಇತಿ,
ನಿಮ್ಮ ಓದುಗ,
ದಾವಣಗೆರೆ